ಬಾವಿಗೊಂದು ಥರ್ಮಾಮೀಟರ್

ವರ್ಷಕ್ಕೆ ನಾಲ್ಕು ಸಲ ಕೇಂದ್ರ ಅಂತರ್ಜಲ ಮಂಡಳಿಯವರು ದೇಶದ ಸಾವಿರಾರು ಬಾವಿಗಳಿಗೆ ಟೇಪು ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳುತ್ತಾರೆ. ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟ್‌ನಲ್ಲಿ, ನವೆಂಬರ್‌ನಲ್ಲಿ, ಮತ್ತೆ ಜನವರಿಯಲ್ಲಿ. ‘ಅಂತರ್ಜಲ ಕುಸಿತ’ ಎಂಬ ತಲೆಬರಹಗಳ ಹಿಂದೆ ಇರುವುದು ಬಹುಪಾಲು ಇಂಥ ಅಂಕಿಗಳೇ. ನೀರು ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ. ಅದು ಎಲ್ಲಿಂದ ಬಂತು, ಯಾವ ದಾರಿ ಹಿಡಿದು ಬಂತು, ಎಷ್ಟು ಬೇಗ ಬಂತು ಎನ್ನುವುದು ಇನ್ನೊಂದು. ಈ ಎರಡನೆಯದರ ಬಗ್ಗೆ ಸುಳಿವು ಕೊಡುವ ಅತಿ ಅಗ್ಗದ ಉಪಕರಣ ಥರ್ಮಾಮೀಟರ್. ಅದನ್ನು ಬಾವಿಗೆ ಇಳಿಸುವ ಅಭ್ಯಾಸ ಮಾತ್ರ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ.

ಸೇದುವ ಬಾವಿ ಇದ್ದ ಮನೆಯಲ್ಲಿ ಬೆಳೆದವರಿಗೆಲ್ಲ ಒಂದು ಸಂಗತಿ ಗೊತ್ತು. ಧನುರ್ಮಾಸದ ಬೆಳಗಿನ ಜಾವ ಕೊಡಪಾನದಿಂದ ಹಬೆ ಏಳುತ್ತದೆ, ನೀರು ಬೆಚ್ಚಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ನೀರು ತಣ್ಣಗೆ ಹಾಯೆನಿಸುತ್ತದೆ. ವಿಜ್ಞಾನದ ಮೇಷ್ಟರು ಇದಕ್ಕೆ ಕೊಡುವ ವಿವರಣೆಯೂ ನಮಗೆ ಬಾಯಿಪಾಠ: ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತದೆ, ಬದಲಾಗುವುದು ಸುತ್ತಲಿನ ಗಾಳಿ ಮತ್ತು ನಮ್ಮ ಕೈ. ಬೆಂಗಳೂರಿನ ಡಿಸೆಂಬರ್ ಬೆಳಗಿನ 15 ಡಿಗ್ರಿಯ ಗಾಳಿಯಲ್ಲಿ ನಿಂತವನಿಗೆ 24 ಡಿಗ್ರಿಯ ನೀರು ಬಿಸಿ, 34ರ ಬಿಸಿಲಲ್ಲಿ ನಿಂತವನಿಗೆ ತಂಪು. ವಿವರಣೆ ಸರಿ, ಆದರೆ ಪೂರ್ತಿಯಲ್ಲ. ಕೆಲವು ಬಾವಿಗಳಲ್ಲಿ ಚಳಿಗಾಲದ ನೀರು ಥರ್ಮಾಮೀಟರ್ ಇಟ್ಟು ನೋಡಿದರೂ ಬೇಸಿಗೆಯ ನೀರಿಗಿಂತ ಕೂದಲೆಳೆಯಷ್ಟು ಬಿಸಿಯಾಗಿಯೇ ಇರುತ್ತದೆ.

ಕಾರಣ ಮಣ್ಣಿನ ನಿಧಾನ. ನೆಲದ ಮೇಲ್ಮೈಗೆ ಬಿದ್ದ ಬಿಸಿಲು ಒಳಗಿಳಿಯುವುದು ಅಲೆಯ ಹಾಗೆ. ಹಗಲು-ರಾತ್ರಿಯ ಅಲೆ ತೀರಾ ದುರ್ಬಲ. ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ಬೇಸಿಗೆ-ಚಳಿಗಾಲದ ಅಲೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಸುಮಾರು 3 ಮೀಟರ್ ಇಳಿದಾಗಲೆಲ್ಲ ಅದರ ಏರಿಳಿತ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಜೊತೆಗೆ ಎರಡು ತಿಂಗಳು ತಡವಾಗುತ್ತದೆ. ಮಣ್ಣೋ ಬಂಡೆಯೋ ಎಂಬುದನ್ನು ಅವಲಂಬಿಸಿ ಏಳೆಂಟರಿಂದ ಹನ್ನೊಂದು ಮೀಟರ್ ಆಳದಲ್ಲಿ ಈ ವಿಳಂಬ ಆರು ತಿಂಗಳಿಗೆ ಮುಟ್ಟುತ್ತದೆ. ಅಂದರೆ ಮೇಲೆ ಜನ ಶಾಲು ಹೊದ್ದು ಓಡಾಡುವ ಹೊತ್ತಿಗೆ ಕೆಳಗೆ ಬೇಸಿಗೆ ನಡೆಯುತ್ತಿರುತ್ತದೆ. ಆದರೆ ಅದು ಹೆಸರಿಗಷ್ಟೇ ಬೇಸಿಗೆ. ಮೇಲಿನ ಏರಿಳಿತದ ನೂರರಲ್ಲಿ ನಾಲ್ಕು ಪಾಲು ಮಾತ್ರ ಅಲ್ಲಿ ಉಳಿದಿರುತ್ತದೆ. ನೀರು ಸೇದುವ ಕೈಗೆ ಅಷ್ಟು ಸೂಕ್ಷ್ಮ ಸಿಗುವುದಿಲ್ಲ, ಅದಕ್ಕೆ ಉಪಕರಣವೇ ಬೇಕು.

ಈ ಲೆಕ್ಕದ ಹಿಂದಿನ ಗಣಿತ ಫ್ರಾನ್ಸಿನ ಜೋಸೆಫ್ ಫೂರಿಯೆಯದು. ಅದನ್ನು ನೆಲದಲ್ಲಿ ಪರೀಕ್ಷಿಸಿದವರು ಎಡಿನ್‌ಬರೋದ ಜೇಮ್ಸ್ ಫೋರ್ಬ್ಸ್. 1837ರಲ್ಲಿ ಅವರು ಆ ಊರಿನ ಮೂರು ಕಡೆ ಉದ್ದುದ್ದ ಕಾಂಡದ ಥರ್ಮಾಮೀಟರ್‌ಗಳನ್ನು ಹೂಳಿಸಿದರು. ಕಾಲ್ಟನ್ ಗುಡ್ಡದ ವೀಕ್ಷಣಾಲಯದ ಕಪ್ಪು ಬಂಡೆಯಲ್ಲಿ ಒಂದು ಕಟ್ಟು, ತೋಟದ ಮರಳು ನೆಲದಲ್ಲಿ ಒಂದು, ಕ್ರೇಗ್‌ಲೀತ್ ಕಲ್ಲುಕ್ವಾರಿಯ ಮರಳುಗಲ್ಲಿನಲ್ಲಿ ಇನ್ನೊಂದು. ಆಳ 3, 6, 12 ಮತ್ತು 24 ಫ್ರೆಂಚ್ ಅಡಿ. ಬುಡ ಕೆಳಗೆ, ಓದುವ ತುದಿ ನೆಲದ ಮೇಲೆ. ಮೂರು ಬಗೆಯ ನೆಲ ಆರಿಸಿದ್ದರಲ್ಲೇ ಅವರ ಜಾಣತನವಿದೆ: ಒಂದೇ ಊರು, ಒಂದೇ ಬಿಸಿಲು, ಹಾಗಾಗಿ ಅಳತೆಯಲ್ಲಿ ವ್ಯತ್ಯಾಸ ಕಂಡರೆ ಅದು ನೆಲದ ಗುಣವೇ ಸೈ. ಎಲ್ಲಕ್ಕಿಂತ ಆಳದ ಥರ್ಮಾಮೀಟರ್ ಕಾಲ್ಟನ್ ಗುಡ್ಡದಲ್ಲಿ ವರ್ಷದ ಗರಿಷ್ಠ ಬಿಸಿ ತೋರಿಸುತ್ತಿದ್ದದ್ದು ಜನವರಿಯ ಸುಮಾರಿಗೆ, ಸ್ಕಾಟ್ಲೆಂಡಿನ ಹಿಮದ ನಡುವೆ.

ಮುಂದೆ ಈ ಅಂಕಿಗಳು ಲಾರ್ಡ್ ಕೆಲ್ವಿನ್ ಆಗಲಿದ್ದ ವಿಲಿಯಂ ಥಾಮ್ಸನ್ನರ ಕೈಗೆ ಬಂದವು. ಬಂಡೆಯಲ್ಲಿ ಶಾಖ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅವರು ಇದರಿಂದ ಲೆಕ್ಕ ಹಾಕಿದರು. ಅದನ್ನೇ ಇಟ್ಟುಕೊಂಡು 1862ರಲ್ಲಿ, ಕುದಿಯುವ ಉಂಡೆಯಾಗಿದ್ದ ಭೂಮಿ ಇಷ್ಟು ತಣಿಯಲು 2 ಕೋಟಿಯಿಂದ 40 ಕೋಟಿ ವರ್ಷ ಹಿಡಿದಿರಬೇಕು ಎಂದು ಸಾರಿದರು. ಭೂಮಿಯ ವಯಸ್ಸು ನಿಜಕ್ಕೂ 454 ಕೋಟಿ ವರ್ಷ. ಉತ್ತರ ತಪ್ಪಾದದ್ದಕ್ಕೆ ಎಡಿನ್‌ಬರೋದ ಥರ್ಮಾಮೀಟರ್‌ಗಳು ಹೊಣೆಯಲ್ಲ. ಅವು ಕೊಟ್ಟ ಅಂಕಿ ಚೆನ್ನಾಗಿಯೇ ಇತ್ತು.

ಪ್ಯಾರಿಸ್ಸಿನದು ಇನ್ನೂ ಹಳೆಯ ಕಥೆ. ಅಲ್ಲಿನ ಖಗೋಳ ವೀಕ್ಷಣಾಲಯದ ಕೆಳಗೆ 28 ಮೀಟರ್ ಆಳದಲ್ಲೊಂದು ನೆಲಮಾಳಿಗೆಯಿದೆ. ಅಲ್ಲಿಯ ಬಿಸಿ ಬದಲಾಗುವುದೇ ಇಲ್ಲ ಎಂದು 17ನೇ ಶತಮಾನದಲ್ಲೇ ಗಮನಿಸಿದ್ದರು. 1783ರಲ್ಲಿ ರಸಾಯನ ವಿಜ್ಞಾನಿ ಲವಾಸಿಯೇ ತಯಾರಿಸಿಕೊಟ್ಟ ಸೂಕ್ಷ್ಮ ಥರ್ಮಾಮೀಟರನ್ನು ಅಲ್ಲಿಟ್ಟರು. ಅದು 12 ಡಿಗ್ರಿ ಸೆಲ್ಸಿಯಸ್‌ಗೆ ತುಸು ಕೆಳಗೆ ನಿಂತಿತು. ಹನ್ನೊಂದು ವರ್ಷದ ನಂತರ, 1794ರಲ್ಲಿ, ಕ್ರಾಂತಿಯ ಸರ್ಕಾರ ಲವಾಸಿಯೇಯ ತಲೆ ಕಡಿಸಿತು. ಮೇಲೆ ರಾಜ್ಯವೇ ತಲೆಕೆಳಗಾದರೂ ಕೆಳಗಿನ ಪಾದರಸ ಅಲುಗಲಿಲ್ಲ.

ಋತುಗಳ ಅಲೆ ಸತ್ತ ಮೇಲೂ ಒಂದು ಅಲೆ ಕೆಳಗಿಳಿಯುತ್ತಲೇ ಇರುತ್ತದೆ: ದಶಕಗಳದ್ದು, ಶತಮಾನದ್ದು. ಎಷ್ಟು ನಿಧಾನದ ಬದಲಾವಣೆಯೋ ಅಷ್ಟು ಆಳಕ್ಕೆ ಅದರ ಗುರುತು. ನೂರು-ನೂರೈವತ್ತು ಮೀಟರ್ ಬೋರ್‌ವೆಲ್‌ನ ಉದ್ದಕ್ಕೂ ತಾಪಮಾನ ಅಳೆದರೆ ಕಳೆದ ಶತಮಾನದಲ್ಲಿ ನೆಲದ ಮೇಲ್ಮೈ ಎಷ್ಟು ಕಾದಿದೆ ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. 1986ರಲ್ಲಿ ಲೇಕನ್‌ಬ್ರುಕ್ ಮತ್ತು ಮಾರ್ಷಲ್ ಅಲಾಸ್ಕದ ಹೆಪ್ಪುಗಟ್ಟಿದ ನೆಲದ ಬೋರ್‌ಗಳಿಂದ ಹೀಗೆ 2ರಿಂದ 4 ಡಿಗ್ರಿ ಏರಿಕೆ ಓದಿ ತೆಗೆದರು. ನಮ್ಮಲ್ಲೂ ಈ ಕೆಲಸ ಆಗಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಸುಕಾಂತ ರಾಯ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಹಲವು ಕೊಳವೆಬಾವಿಗಳ ಅಳತೆಯಿಂದ, ಸುಮಾರು 150 ವರ್ಷದಲ್ಲಿ ನೆಲ 0.9 ಡಿಗ್ರಿ ಬಿಸಿಯಾಗಿದೆ ಎಂದು ತೋರಿಸಿದರು. ಹವಾಮಾನ ಕೇಂದ್ರವೇ ಇಲ್ಲದ ಕಡೆಗಳಲ್ಲೂ ನೆಲ ತಾನಾಗಿ ದಾಖಲೆ ಇಟ್ಟುಕೊಂಡಿತ್ತು.

ಆಳದ ಬಾವಿಯಲ್ಲಿ ಇದು ಸುಲಭ. ನಾವು ಕುಡಿಯುವ, ತೋಟಕ್ಕೆ ಬಿಡುವ ಮೇಲುಪದರದ ನೀರಿನಲ್ಲಿ ಹಾಗಲ್ಲ. ಅಲ್ಲಿ ಋತುವಿನ ಅಲೆ, ಮಳೆ, ಪಂಪು, ಹೊಳೆ ಎಲ್ಲವೂ ಕೈಯಾಡಿಸಿರುತ್ತವೆ. ಹವಾಮಾನದ ಅಲೆಯನ್ನಷ್ಟೇ ಹುಡುಕುವವರಿಗೆ ಇದು ಗೊಂದಲ. ನನಗೆ ಕುತೂಹಲ ಹುಟ್ಟುವುದು ಮಾತ್ರ ಅಲ್ಲಿಯೇ.

ಶಾಖ ಹೊತ್ತು ತರುವ ನೀರು

ನೀರು ಹರಿಯುವಾಗ ತನ್ನ ಬಿಸಿಯನ್ನೂ ಹೊತ್ತುಕೊಂಡೇ ಹರಿಯುತ್ತದೆ. ನಿಂತ ನೀರಿನ ನೆಲದಲ್ಲಿ ಆಳ ಹೆಚ್ಚಿದಂತೆ ಬಿಸಿ ನೇರ ಗೆರೆಯಲ್ಲಿ ಏರುತ್ತದೆ. ಮಳೆನೀರು ಮೇಲಿನಿಂದ ಇಂಗುತ್ತಿದ್ದರೆ ಮೇಲಿನ ತಂಪು ಕೆಳಕ್ಕೆ ತಳ್ಳಿಸಿಕೊಂಡು ಆ ಗೆರೆ ಒಂದು ಕಡೆಗೆ ಬಾಗುತ್ತದೆ. ಕೆಳಗಿನಿಂದ ನೀರು ಉಕ್ಕಿ ಬರುತ್ತಿದ್ದರೆ ಇನ್ನೊಂದು ಕಡೆಗೆ. ಆ ಬಾಗಿನ ಪ್ರಮಾಣದಿಂದಲೇ ನೀರಿನ ವೇಗ ಹೇಳಬಹುದೆಂದು 1965ರಲ್ಲಿ ಅಮೆರಿಕದ ಬ್ರೆಡೆಹೋಫ್ಟ್ ಮತ್ತು ಪಾಪಡೋಪುಲಸ್ ಒಂದು ಸರಳ ಸೂತ್ರ ಕೊಟ್ಟರು. ಕಂಪ್ಯೂಟರ್ ಬೇಕಿರಲಿಲ್ಲ, ಅವರ ಮಾದರಿ ಗೆರೆಗಳ ಮೇಲೆ ನಮ್ಮ ಗೆರೆಯನ್ನಿಟ್ಟು ಹೋಲಿಸಿ ನೋಡಿದರೆ ಸಾಕಿತ್ತು. ಬಣ್ಣ, ಉಪ್ಪು, ವಿಕಿರಣ ವಸ್ತು ಯಾವುದನ್ನೂ ನೀರಿಗೆ ಬೆರೆಸದೆ ಅದರ ಜಾಡು ಹಿಡಿಯುವ ಉಪಾಯ ಇದು.

ಇದನ್ನು ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟಿಗೆ ಅನ್ವಯಿಸಿ ನೋಡೋಣ. ಮಳೆ ನಿಂತ ಮೇಲೆ ಹಲಗೆ ಹಾಕಿ ಹೊಳೆಯ ನೀರನ್ನು ತಡೆಯುತ್ತಾರೆ. ಆಚೀಚೆಯ ತೋಟದ ಬಾವಿಗಳಲ್ಲಿ ನೀರು ಏರಿತು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಬಾವಿಗೆ ಬಂದದ್ದು ಕಟ್ಟದ ನೀರೋ, ಅಥವಾ ಹೊಳೆಗೆ ಜಾರಿ ಹೋಗಬೇಕಿದ್ದ ಗುಡ್ಡದ ನೀರು ದಾರಿ ಕಟ್ಟಿ ಅಲ್ಲೇ ಉಳಿದದ್ದೋ? ನೀರಿನ ಮಟ್ಟ ಇದನ್ನು ಹೇಳುವುದಿಲ್ಲ, ಎರಡೂ ಸಂದರ್ಭದಲ್ಲಿ ಅದು ಏರುತ್ತದೆ. ತಾಪಮಾನ ಹೇಳುತ್ತದೆ. ಫೆಬ್ರವರಿ-ಮಾರ್ಚಿನ ಬಿಸಿಲಿಗೆ ಕಟ್ಟದ ನಿಂತ ನೀರು ಕಾಯುತ್ತದೆ. ಆ ಕಾವು ಮರಳಿನ ಮೂಲಕ ಬಾವಿಗೆ ತಲುಪಿದರೆ ಕೆಲವು ವಾರ ತಡವಾಗಿಯಾದರೂ ಥರ್ಮಾಮೀಟರ್‌ಗೆ ಸಿಕ್ಕುತ್ತದೆ. ತಲುಪದಿದ್ದರೆ ಬಾವಿಯ ಬಿಸಿ ತನ್ನ ಪಾಡಿಗೆ ತಾನಿರುತ್ತದೆ. ಒಂದು ಎಚ್ಚರಿಕೆ: ಶಾಖ ನೀರಿನಷ್ಟೇ ವೇಗವಾಗಿ ಬರುವುದಿಲ್ಲ. ಜಾತ್ರೆಗೆ ಹೊರಟವರು ದಾರಿಯ ಪ್ರತಿ ನೆಂಟರ ಮನೆಯಲ್ಲೂ ಕೂತೆದ್ದು ಬಂದಂತೆ, ಅದು ಪ್ರತಿ ಮರಳಿನ ಕಣಕ್ಕೂ ತನ್ನ ಪಾಲು ಕೊಟ್ಟು ಮುಂದೆ ಸಾಗುತ್ತದೆ. ಮರಳಿನಲ್ಲಿ ಅದರ ವೇಗ ನೀರಿನ ವೇಗದ ಅರ್ಧದ ಆಸುಪಾಸು. ಆದ್ದರಿಂದ ಕಾವು ಇನ್ನೂ ಬಂದಿಲ್ಲವೆಂದ ಮಾತ್ರಕ್ಕೆ ನೀರೂ ಬಂದಿಲ್ಲ ಎಂದುಕೊಳ್ಳುವಂತಿಲ್ಲ.

ಹೊಳೆಯ ತಳದಲ್ಲಿ ಇದೇ ಆಟ ದಿನದ ಅಲೆಯೊಂದಿಗೆ ನಡೆಯುತ್ತದೆ. ತಳದ ಮರಳಿನಲ್ಲಿ ಒಂದರ ಕೆಳಗೊಂದು ಎರಡು ಸಂವೇದಕ ಹೂತು, ದಿನದ ಏರಿಳಿತ ಮೇಲಿನದರಲ್ಲಿ ಎಷ್ಟಿದೆ, ಕೆಳಗಿನದರಲ್ಲಿ ಎಷ್ಟು ಕುಗ್ಗಿದೆ ಎಂದು ನೋಡಿದರೆ ಹೊಳೆ ಅಂತರ್ಜಲಕ್ಕೆ ನೀರು ಕೊಡುತ್ತಿದೆಯೋ, ಅದರಿಂದ ಪಡೆಯುತ್ತಿದೆಯೋ ತಿಳಿಯುತ್ತದೆ. ಆಪ್ಟಿಕ್ ಫೈಬರ್ ಕೇಬಲ್ಲನ್ನೇ ಹೊಳೆಯುದ್ದಕ್ಕೂ ಹಾಸಿ, ಅದರೊಳಗೆ ಲೇಸರ್ ಹಾಯಿಸಿ, ಮೀಟರಿಗೊಂದರಂತೆ ಕಿಲೋಮೀಟರ್‌ಗಟ್ಟಲೆ ತಾಪಮಾನ ಓದುವ ವ್ಯವಸ್ಥೆಯೂ ಈಗಿದೆ. ದುಬಾರಿ, ಆದರೆ ಗುಟ್ಟಾಗಿ ಒಸರುವ ಒರತೆಯ ಜಾಗವನ್ನು ಅದು ಬೊಟ್ಟುಮಾಡಿ ತೋರಿಸುತ್ತದೆ.

ಆಳದ ನೀರಿಗೂ ಬಿಸಿಯೇ ಗುರುತಿನ ಚೀಟಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ-ಸಾವಿರದೈನೂರು ಅಡಿ ಬೋರ್ ಕೊರೆಸಿದವರು ನೀರು ಬೆಚ್ಚಗೆ ಬರುತ್ತದೆ ಎನ್ನುತ್ತಾರೆ. ಬರಲೇಬೇಕು. ಭೂಮಿಯೊಳಗೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ನಮ್ಮ ಹಳೆಯ ಗಟ್ಟಿ ಬಂಡೆಯಲ್ಲಿ ಅದಕ್ಕಿಂತ ಕಡಿಮೆ. ಕೆಜಿಎಫ್ ಗಣಿ ಮೂರು ಕಿಲೋಮೀಟರ್ ದಾಟಿ ಇಳಿದಾಗ ಬಂಡೆಯ ಬಿಸಿ 60 ಡಿಗ್ರಿ ಮೀರಿತ್ತು, ಜಗತ್ತಿನ ಬೇರೆ ಕಡೆಯಾಗಿದ್ದರೆ ನೂರನ್ನು ಮುಟ್ಟುತ್ತಿತ್ತು. ಹಾಗಾಗಿ ಒಂದು ಊರಿನ ಒರತೆಯ ನೀರು ಸುತ್ತಲಿನ ಬಾವಿಗಳಿಗಿಂತ 10 ಡಿಗ್ರಿ ಬಿಸಿ ಇದ್ದರೆ, ಅದು ಕಡಿಮೆಯೆಂದರೂ ಅರ್ಧ ಕಿಲೋಮೀಟರ್ ಆಳ ಮುಟ್ಟಿ ಬಂದಿದೆ ಎಂದು ಕೂತಲ್ಲೇ ಲೆಕ್ಕ ಹಾಕಬಹುದು. ಮೇಲೆ ಬರುವ ದಾರಿಯಲ್ಲಿ ತಣಿದಿದ್ದರೆ ಇನ್ನೂ ಆಳ. ಪುತ್ತೂರು ಬಳಿಯ ಇರ್ದೆಯ ಬೆಂದ್ರ್‌ತೀರ್ಥದ ಬಿಸಿನೀರಿಗೆ ಜ್ವಾಲಾಮುಖಿ ಬೇಕಿಲ್ಲ. ಬಿರುಕು ಸಿಕ್ಕಿ ಆಳಕ್ಕಿಳಿದ ಮಳೆನೀರು ಇನ್ನೊಂದು ಬಿರುಕಿನಲ್ಲಿ ಬೇಗ ಮೇಲೆ ಬಂದರೆ ಸಾಕು.

ಊರು ಕಾಯಿಸಿದ ನೆಲ

ನಗರಗಳ ಕೆಳಗಿನ ನೀರು ಮಾತ್ರ ಬೇರೆಯೇ ಕಾರಣಕ್ಕೆ ಬಿಸಿ. ಟಾರು, ಕಾಂಕ್ರೀಟು, ಕಟ್ಟಡದ ತಳಮಹಡಿ, ಒಳಚರಂಡಿ, ಸುರಂಗ ರೈಲು, ಎಲ್ಲವೂ ದಿನಾ ಒಂದಿಷ್ಟು ಶಾಖ ಕೆಳಗೆ ಸೋರಿಸುತ್ತವೆ. ಜರ್ಮನಿಯ ಕಲೋನ್ ನಗರದ ಕೆಳಗಿನ ಅಂತರ್ಜಲ ಹೊರವಲಯದ ನೀರಿಗಿಂತ 3ರಿಂದ 5 ಡಿಗ್ರಿ ಬಿಸಿ. ಅಲ್ಲಿ ಹೀಗೆ ಸೇರಿರುವ ಶಾಖ ಇಡೀ ಊರಿನ ಮನೆಗಳನ್ನು ಒಂದು ವರ್ಷ ಬೆಚ್ಚಗಿಡಲು ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚೆಂದು 2010ರ ಅಧ್ಯಯನವೊಂದು ಲೆಕ್ಕ ಹಾಕಿತು. ಏಷ್ಯಾದಲ್ಲಿ ಜಪಾನಿನ ಮಕೊಟೊ ತಾನಿಗುಚಿ ಮತ್ತವರ ತಂಡ ಬೋರ್‌ಗಳಲ್ಲಿ ಅಳೆದು, ನೆಲದ ಮೇಲ್ಮೈ ಟೋಕಿಯೊದಲ್ಲಿ 2.8, ಸೋಲ್‌ನಲ್ಲಿ 2.5, ಒಸಾಕಾದಲ್ಲಿ 2.2, ಬ್ಯಾಂಕಾಕ್‌ನಲ್ಲಿ 1.8 ಡಿಗ್ರಿ ಕಾದಿದೆ ಎಂದು ಹೇಳಿತು. ಜಾಗತಿಕ ತಾಪಮಾನ ಏರಿಕೆಯೊಂದೇ ಇಷ್ಟು ಮಾಡಲಾರದು, ಉಳಿದದ್ದು ಊರಿನ ಪಾಲು.

ಚಿಕಾಗೊದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರೊಟ್ಟಾ ಲೋರಿಯಾ ನಗರ ಮಧ್ಯದ ತಳಮಹಡಿ, ಸುರಂಗ, ಪಾರ್ಕಿಂಗುಗಳಲ್ಲಿ 150ಕ್ಕೂ ಹೆಚ್ಚು ಸಂವೇದಕ ಇಟ್ಟು 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾದ ಜೇಡಿ ಕೆಲವೆಡೆ ಹಿಗ್ಗಿ, ಕೆಲವೆಡೆ ಕುಗ್ಗಿ ನೆಲವನ್ನು 12 ಮಿಲಿಮೀಟರ್‌ವರೆಗೆ ಎತ್ತಬಲ್ಲದು, 8 ಮಿಲಿಮೀಟರ್‌ವರೆಗೆ ಇಳಿಸಬಲ್ಲದು ಎಂಬುದು ಅವರ ಗಣನೆ. ಬೆಂಗಳೂರಿನಂಥ ಗಟ್ಟಿ ಬಂಡೆಯ ಊರಿಗೆ ಈ ಭಯ ಅಷ್ಟಾಗಿ ಅನ್ವಯಿಸದು. ನಮ್ಮ ಚಿಂತೆ ನೀರಿನದ್ದು.

ಬಿಸಿಯಾದರೆ ನೀರಿಗೆ ಏನಾಗುತ್ತದೆ? ಮೊದಲು ಉಸಿರು ಕಡಿಮೆಯಾಗುತ್ತದೆ. 10 ಡಿಗ್ರಿಯಲ್ಲಿ ಒಂದು ಲೀಟರ್ ನೀರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಬ್ಯಾಕ್ಟೀರಿಯಾಗಳು ಅದೇ ಹೊತ್ತಿಗೆ ಚುರುಕಾಗಿ ಉಳಿದ ಆಮ್ಲಜನಕವನ್ನೂ ತಿನ್ನುತ್ತವೆ. ಆಮ್ಲಜನಕ ಮುಗಿದ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಕೆಲವೆಡೆ ಆರ್ಸೆನಿಕ್ ಕೂಡ ಕಲ್ಲುಮಣ್ಣಿನಿಂದ ಬಿಡಿಸಿಕೊಂಡು ನೀರಿಗೆ ಸೇರುತ್ತವೆ. ನೆದರ್‌ಲ್ಯಾಂಡ್ಸ್‌ನವರು ಮರಳಿನ ಮಾದರಿಗಳನ್ನು ಪ್ರಯೋಗಾಲಯದಲ್ಲಿ 11 ಡಿಗ್ರಿಯಿಂದ 25ಕ್ಕೆ ಏರಿಸಿದಾಗ ನೀರಿನಲ್ಲಿ ಆರ್ಸೆನಿಕ್ ಹೆಚ್ಚಿತು.

ಅಲ್ಲೇ ಬದುಕುವ ಜೀವಿಗಳೂ ಇವೆ. ಕೇರಳದ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ಕಣ್ಣಿಲ್ಲದ, ರಕ್ತದ ಬಣ್ಣ ಹೊರಗೆ ಕಾಣುವ ಪುಟ್ಟ ಹೋರಾಗ್ಲ್ಯಾನಿಸ್ ಮೀನುಗಳಿವೆ. 1950ರಲ್ಲಿ ಕೊಟ್ಟಾಯಂನಿಂದ ಮೊದಲ ಸಲ ವರದಿಯಾದ ಇವು ಬಾವಿ ಕೆಸರು ತೆಗೆಯುವಾಗ, ಒಮ್ಮೊಮ್ಮೆ ನಲ್ಲಿಯಲ್ಲೇ, ಹೊರಬರುತ್ತವೆ. 2018ರ ಪ್ರವಾಹದ ಹೊತ್ತಿಗೆ ಮಲಪ್ಪುರಂ ಕಡೆ ಸಿಕ್ಕ ಗೊಲ್ಲಂ ಹಾವುಮೀನು ಕೂಡ ಇದೇ ಕತ್ತಲ ಲೋಕದ್ದು. ವರ್ಷವಿಡೀ ಬಿಸಿ ಬದಲಾಗದ ಜಾಗದಲ್ಲಿ ವಿಕಾಸಗೊಂಡ ಪ್ರಾಣಿಗೆ ಎರಡು ಡಿಗ್ರಿಯ ಏರಿಕೆ ಏನೆಂದು ನಮಗೆ, ದಿನಕ್ಕೆ ಹದಿನೈದು ಡಿಗ್ರಿ ಏರಿಳಿತ ಸಹಿಸುವವರಿಗೆ, ಊಹಿಸುವುದು ಕಷ್ಟ.

2024ರ ಜೂನ್‌ನಲ್ಲಿ ಸುಸಾನೆ ಬೆಂಜ್ ಮತ್ತು ಸಂಗಡಿಗರು ‘ನೇಚರ್ ಜಿಯೋಸೈನ್ಸ್’ನಲ್ಲಿ ಇಡೀ ಜಗತ್ತಿನ ಲೆಕ್ಕ ಮುಂದಿಟ್ಟರು. ಮಧ್ಯಮ ಪ್ರಮಾಣದ ಇಂಗಾಲ ಹೊಗೆಯ ಸನ್ನಿವೇಶದಲ್ಲೇ ಈ ಶತಮಾನದ ಕೊನೆಗೆ ಮೇಲುಪದರದ ಅಂತರ್ಜಲ ಸರಾಸರಿ 2.1 ಡಿಗ್ರಿ ಬಿಸಿಯಾಗುತ್ತದೆ. ಆ ಹೊತ್ತಿಗೆ 7.7 ಕೋಟಿಯಿಂದ 18.8 ಕೋಟಿ ಜನರ ಕಾಲ ಕೆಳಗಿನ ನೀರು, ಕುಡಿಯುವ ನೀರಿಗೆ ಯಾವುದೇ ದೇಶ ಹಾಕಿಕೊಂಡಿರುವ ಅತಿ ಸಡಿಲ ಮಿತಿಯನ್ನೂ ದಾಟಿರುತ್ತದೆ. ಬಹುತೇಕ ದೇಶಗಳು ಇಂಥ ಮಿತಿಯನ್ನೇ ಹಾಕಿಕೊಂಡಿಲ್ಲ. ಯುರೋಪಿನವರು 10 ಡಿಗ್ರಿಯ ನೀರು 13 ಆಗುವುದಕ್ಕೆ ಹೆದರುತ್ತಾರೆ. ನಮ್ಮ ನೀರು ಹುಟ್ಟಾ 25ರ ಆಚೀಚೆ ಇದೆ. ಅವರ ಮಿತಿಯನ್ನು ನಕಲು ಮಾಡುವುದರಲ್ಲಿ ಅರ್ಥವಿಲ್ಲ. ನಮ್ಮದೇ ಅಂಕಿ ಮೊದಲು ಬೇಕು.

ನಮಗೆ ಒಂದು ಅನುಕೂಲವೂ ಇದೆ. ಬೆಂಗಳೂರಿನಲ್ಲಿ ಅತಿ ತಂಪಿನ ತಿಂಗಳಿಗೂ ಅತಿ ಬಿಸಿಯ ತಿಂಗಳಿಗೂ ಸರಾಸರಿಯಲ್ಲಿ ಆರೇಳು ಡಿಗ್ರಿಯಷ್ಟೇ ಅಂತರ, ಮಂಗಳೂರಿನಲ್ಲಿ ಇನ್ನೂ ಕಡಿಮೆ. ಎಡಿನ್‌ಬರೋದಲ್ಲಿ ಇದು ಸುಮಾರು ಹನ್ನೊಂದು, ಚಿಕಾಗೊದಲ್ಲಿ ಇಪ್ಪತ್ತೈದರ ಮೇಲೆ. ಋತುವಿನ ಗದ್ದಲ ಕಡಿಮೆಯಿರುವ ಕಡೆ ಹೊರಗಿನಿಂದ ಬಂದ ಶಾಖ, ಅದು ಹವಾಮಾನದ್ದಿರಲಿ, ಕಿಂಡಿ ಅಣೆಕಟ್ಟಿನದಿರಲಿ, ಒಡೆದ ಒಳಚರಂಡಿಯದಿರಲಿ, ಬೇಗ ಎದ್ದು ಕಾಣಬೇಕು.

ಅಳೆಯುವುದು ಸುಲಭವೆನಿಸಿದರೂ ಮೋಸಹೋಗಲು ದಾರಿ ಬಹಳ. ತೆರೆದ ಬಾವಿಯಲ್ಲಿ ರಾತ್ರಿ ಮೇಲಿನ ನೀರು ತಣಿದು ಭಾರವಾಗಿ ತಳಕ್ಕಿಳಿಯುತ್ತದೆ, ಇಡೀ ಬಾವಿ ಕಲಸಿಹೋಗುತ್ತದೆ. ನಡು ಮಧ್ಯಾಹ್ನ ಬಿಸಿಲು ನೇರ ಬಿದ್ದರೆ ಮೇಲಿನ ಪದರ ಕಾಯುತ್ತದೆ. ಆದ್ದರಿಂದ ಒರತೆಯ ಬಾಯಿಗೆ ಹತ್ತಿರ, ಪ್ರತಿಸಲವೂ ಅದೇ ಆಳ, ಅದೇ ಹೊತ್ತು. ಸಂವೇದಕವನ್ನು ಮೇಲಿನಿಂದ ಕೆಳಗೆ ಇಳಿಸುತ್ತಾ ಓದಬೇಕು; ಮೊದಲು ತಳ ಮುಟ್ಟಿಸಿ ಮೇಲೆಳೆಯುತ್ತಾ ಓದಿದರೆ ಪದರಗಳನ್ನು ನಾವೇ ಕಲಕಿರುತ್ತೇವೆ. ಬೋರ್‌ವೆಲ್‌ನಲ್ಲಿ ಸಬ್‌ಮರ್ಸಿಬಲ್ ಮೋಟಾರೇ ನೀರು ಕಾಯಿಸುತ್ತದೆ, ಬಿಸಿಲಲ್ಲಿ ಹಾಸಿದ ಪೈಪು ಇನ್ನಷ್ಟು ಕಾಯಿಸುತ್ತದೆ. ಟ್ಯಾಂಕಿನ ನಲ್ಲಿಯಲ್ಲಿ ಹಿಡಿದ ಅಳತೆಗೆ ಬೆಲೆಯಿಲ್ಲ. ಪಂಪು ಇಲ್ಲದ ವೀಕ್ಷಣಾ ಬಾವಿಯಾದರೆ ಉತ್ತಮ. ಇಲ್ಲವೇ ಹತ್ತು-ಹದಿನೈದು ನಿಮಿಷ ನೀರು ಬಿಟ್ಟು, ಬಾವಿ ಬಾಯಲ್ಲೇ ಹಿಡಿಯಬೇಕು.

ಹೊಸ ವೆಚ್ಚವೂ ದೊಡ್ಡದಲ್ಲ. ಈಗ ಬಾವಿಗಳಿಗೆ ಇಳಿಸುತ್ತಿರುವ ಸ್ವಯಂಚಾಲಿತ ನೀರಿನ ಮಟ್ಟದ ಯಂತ್ರಗಳು ನೀರಿನ ಒತ್ತಡ ಅಳೆಯುತ್ತವೆ. ಒತ್ತಡದ ಅಳತೆಯನ್ನು ಬಿಸಿಗೆ ತಕ್ಕಂತೆ ತಿದ್ದಲು ಅವುಗಳಲ್ಲಿ ಬಹುತೇಕವುಗಳೊಳಗೆ ಒಂದು ಥರ್ಮಿಸ್ಟರ್ ಇದ್ದೇ ಇರುತ್ತದೆ. ಅದು ಓದಿದ ಅಂಕಿಯನ್ನೂ ಮಟ್ಟದ ಅಂಕಿಯ ಪಕ್ಕದಲ್ಲೇ ಉಳಿಸಿ, ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರೆ ಅರ್ಧ ಕೆಲಸ ಮುಗಿಯಿತು. ಬೆಂಗಳೂರಿನಲ್ಲಿ ಬಯೋಮ್ ಟ್ರಸ್ಟ್‌ನವರು ಮಣ್ಣು ವಡ್ಡರ ಕೈಯಿಂದ ತೋಡಿಸುತ್ತಿರುವ ಇಂಗುಬಾವಿಗಳಲ್ಲಿ ಕೆಲವಕ್ಕಾದರೂ ಇಂಥದ್ದೊಂದು ಇಳಿಬಿಟ್ಟರೆ, ಜೋರು ಮಳೆಯ ಮಾರನೆಯ ದಿನ ತಂಪು ನೀರು ನಿಜಕ್ಕೂ ಪಕ್ಕದ ಬಾವಿಗೆ ತಲುಪಿತೇ ಎಂದು ನೋಡಬಹುದು.

ತಾಳ್ಮೆಯ ಲೆಕ್ಕವನ್ನು ಆಸ್ಟ್ರಿಯಾದಿಂದ ಕಲಿಯಬಹುದು. ಅಲ್ಲಿ 1994ರಿಂದ 2013ರವರೆಗೆ ಇನ್ನೂರಕ್ಕೂ ಹೆಚ್ಚು ಬಾವಿಗಳಲ್ಲಿ ಅಳೆದು ಸಿಕ್ಕ ಸರಾಸರಿ ಏರಿಕೆ 0.7 ಡಿಗ್ರಿ, ಬಾವಿಯಿಂದ ಬಾವಿಗೆ ವ್ಯತ್ಯಾಸವೂ ಅಷ್ಟೇ ದೊಡ್ಡದಿತ್ತು. ಇಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಲು ಹೊರಟಾಗ ಉಪಕರಣದ ಅರ್ಧ ಡಿಗ್ರಿ ತಪ್ಪು ಇಡೀ ಕಥೆಯನ್ನು ತಿರುಚಿಬಿಡುತ್ತದೆ. ವರ್ಷಕ್ಕೊಮ್ಮೆ ಪುಡಿಮಾಡಿದ ಮಂಜುಗಡ್ಡೆ ನೀರಿನಲ್ಲಿ ಅದ್ದಿ ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡಬೇಕು. ಹಳೆಯದು ಕೆಟ್ಟು ಹೊಸದು ಹಾಕುವ ಪ್ರಸಂಗ ಬಂದರೆ, ಎರಡನ್ನೂ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಅದೇ ಬಾವಿಯಲ್ಲಿ ಜೊತೆಜೊತೆಗೆ ತೂಗಿಬಿಟ್ಟು, ಆಮೇಲಷ್ಟೇ ಹಳೆಯದನ್ನು ಹೊರತೆಗೆಯಬೇಕು.